ಮದರಂಗಿಯ ಕಾಲು ಮುಚ್ಚಿದ್ದು

ನಡೆದದ್ದು ಇಷ್ಟೇ: ಗೇಟಿನ ಹತ್ತಿರದ ಮದರಂಗಿ ಗಿಡ ಉಳಿದದ್ದು ಅದರ ಕಾಲು ಮುಚ್ಚಿದ್ದರಿಂದ. ಬೇರೆ ಯಾವ ಕಾರಣವೂ ಇಲ್ಲ.

ಮೊಮ್ಮಗಳ ಮದುವೆ ಕಳೆದ ಮೇಲೆ ನಮ್ಮ ಮನೆಯವರ ಬಾಯಲ್ಲಿ ಬೇರೆ ಬೇರೆ ಕಥೆ ಓಡಾಡುತ್ತಿದೆ. ನನ್ನ ಮಗನಿಗೆ ಬಲ್ಮಠದಲ್ಲಿ ಹೋಟೆಲು. ಹಿರಿಯರ ಕಾಲದ ಗಿಡ, ಕಡಿಯಲು ಮನಸ್ಸು ಬರಲಿಲ್ಲ ಎಂದು ಅವನು ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ ಹೇಳುತ್ತಾನಂತೆ. ನಾವು ಸಂಪ್ರದಾಯ ಬಿಟ್ಟವರಲ್ಲ ಎಂದು ಸೊಸೆ ತನ್ನ ಆಫೀಸಿನಲ್ಲಿ ಹೇಳುತ್ತಾಳಂತೆ. ಎರಡೂ ಸುಳ್ಳು. ಇಬ್ಬರಿಗೂ ಮನಸ್ಸು ಚೆನ್ನಾಗಿಯೇ ಬಂದಿತ್ತು. ಕಡಿಯುವವನಿಗೆ ಫೋನೂ ಹೋಗಿತ್ತು. ಗಿಡ ಉಳಿದದ್ದು ಅದು ನೋಡಲು ಚಂದವಾದ ಮೇಲೆ, ಚಂದವಾದದ್ದು ಅದರ ಬುಡದಲ್ಲಿ ಗಿಡ್ಡ ಗಿಡ ನೆಟ್ಟ ಮೇಲೆ. ನೆಟ್ಟವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಏನೂ ನಾಚಿಕೆ ಇಲ್ಲ.

ನಮ್ಮ ಮನೆಯ ಮಾತು ತುಳು. ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತದ್ದು ಕನ್ನಡ. ಹಾಗಾಗಿ ಬರೆಯುವುದು ಕನ್ನಡದಲ್ಲಿ. ಅಕ್ಷರ ತಪ್ಪಿದ್ದನ್ನು ಮೊಮ್ಮಗಳು ತಿದ್ದಿದ್ದಾಳೆ. ಮಾತನ್ನು ತಿದ್ದಲು ನಾನು ಬಿಟ್ಟಿಲ್ಲ.

ಬಿಜೈಯ ಈ ಮನೆಗೆ ನಾನು ಮದುವೆಯಾಗಿ ಬಂದಾಗ ಕಂಪೌಂಡು ಗೋಡೆ ಇರಲಿಲ್ಲ. ಸುತ್ತ ಮದರಂಗಿಯ ಬೇಲಿ ಇತ್ತು. ಬಲಿತ ಮದರಂಗಿಗೆ ಮುಳ್ಳಿರುತ್ತದೆ, ದನ ನುಗ್ಗುವುದಿಲ್ಲ. ಆಮೇಲೆ ಕೆಂಪು ಕಲ್ಲಿನ ಗೋಡೆ ಕಟ್ಟುವಾಗ ಬೇಲಿಯನ್ನೆಲ್ಲ ಕಿತ್ತು ಹಾಕಿದರು. ಗೇಟಿನ ಕಂಬದ ಪಕ್ಕದ ಒಂದು ಗಿಡವನ್ನು ಮಾತ್ರ ಮೇಸ್ತ್ರಿ ಬಿಟ್ಟ. ಭಕ್ತಿಯಿಂದ ಬಿಟ್ಟದ್ದಲ್ಲ. ಅವನ ಮಗಳ ಮದುವೆ ಹತ್ತಿರ ಇತ್ತು, ಸೊಪ್ಪು ಬೇಕಿತ್ತು. ಮದುವೆ ಮುಗಿಯಿತು, ಗೋಡೆಯೂ ಮುಗಿಯಿತು, ಗಿಡ ಅಲ್ಲಿಯೇ ನಿಂತಿತು.

ನಮ್ಮ ಕಡೆ ಮದುವೆಯ ಮುಂಚಿನ ಸಂಜೆ ಹುಡುಗಿಗೆ ಮದರಂಗಿ ಇಡುವುದು ದೊಡ್ಡ ಗೌಜಿ. ಈಗ ಅಂಗಡಿಯಲ್ಲಿ ಕೋನ್ ಸಿಗುತ್ತದೆ. ಆಗ ಸೊಪ್ಪನ್ನೇ ತಂದು ಕಲ್ಲಿನಲ್ಲಿ ಅರೆಯಬೇಕಿತ್ತು. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಪ್ಲಾಸ್ಟಿಕ್ ತೊಟ್ಟೆ ಹಿಡಿದುಕೊಂಡು ನಮ್ಮ ಗೇಟಿಗೆ ಬರುತ್ತಿದ್ದರು. ಪೆರ್ನಾಲ್, ಅಂದರೆ ಈದ್ ಹಬ್ಬದ ಮುಂಚಿನ ದಿನ ಎದುರು ಮನೆಯ ಬ್ಯಾರಿ ಹೆಂಗಸರು ಬರುತ್ತಿದ್ದರು. ಆಟಿ ತಿಂಗಳ ಮಳೆಯಲ್ಲಿ ಕೆಲಸವಿಲ್ಲದೆ ಕೂತ ನಮ್ಮವರು ಬರುತ್ತಿದ್ದರು. ನಾನು ಯಾರಿಗೂ ಇಲ್ಲ ಎಂದವಳಲ್ಲ. ಕೇಳದೆ ಕಿತ್ತರೆ ಮಾತ್ರ ಬಾಯಿಗೆ ಬಂದದ್ದು ಹೇಳುತ್ತಿದ್ದೆ. ನಮ್ಮ ಗಿಡದ ಸೊಪ್ಪು ಕೆಂಪಗೆ ಹಿಡಿಯುತ್ತದೆ, ವಾರವಾದರೂ ಮಾಸುವುದಿಲ್ಲ ಎಂಬುದು ಇಡೀ ಓಣಿಗೆ ಗೊತ್ತು.

ಆದರೆ ನೋಡಲು ಚಂದ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಬುಡದಿಂದ ಮೂರು ಕಾಂಡ ಎದ್ದಿದ್ದವು. ಮೂರಕ್ಕೂ ನನ್ನ ತಲೆಯ ಎತ್ತರದವರೆಗೆ ಒಂದು ಎಲೆ ಇಲ್ಲ, ಬರೀ ಬೂದಿ ಬಣ್ಣದ ಕಟ್ಟಿಗೆ ಮತ್ತು ಮುಳ್ಳು. ಅಲ್ಲಿಂದ ಮೇಲೆ ಗೋಡೆಯನ್ನು ದಾಟಿ ಒಂದಿಷ್ಟು ಹಸಿರು. ದಿನಾ ನೋಡುವ ನಮಗೆ ಅದು ಕಾಣುತ್ತಿರಲಿಲ್ಲ. ಹೊರಗಿನವರು ಬಂದ ಮೇಲೆ ಕಂಡಿತು.

ಹೊರಗಿನವರು ಎಂದರೆ ಮೊಮ್ಮಗಳನ್ನು ಮದುವೆಯಾಗುವ ಹುಡುಗನ ಕಡೆಯವರು. ಮಾತುಕತೆಗೆ ಬಂದಿದ್ದರು. ಹುಡುಗನ ತಾಯಿಗೆ ಗಿಡದ ಹುಚ್ಚು. ಕಾಟಿಪಳ್ಳದ ಅವರ ಮನೆಯಲ್ಲಿ ಕಾಲಿಡಲು ಜಾಗವಿಲ್ಲದ ಹಾಗೆ ಹೂವಿನ ಗಿಡ, ಪ್ರದರ್ಶನದಲ್ಲಿ ಬಹುಮಾನ ಕೂಡ ಬಂದದ್ದುಂಟು. ಗೇಟು ದಾಟುವಾಗ ಅವರ ಸೀರೆಯ ಸೆರಗು ಮದರಂಗಿಯ ಮುಳ್ಳಿಗೆ ಸಿಕ್ಕಿತು. ಅವರು ಸಿಟ್ಟು ಮಾಡಲಿಲ್ಲ. ಸೆರಗು ಬಿಡಿಸಿಕೊಂಡು ಎರಡು ಹೆಜ್ಜೆ ಹಿಂದೆ ಹೋಗಿ, ಗಿಡವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಇದೆಂತ ಮಾರ್ರೆ, ಕೊಕ್ಕರೆ ನಿಂತ ಹಾಗೆ ಉಂಟಲ್ಲ. ಮೇಲೆ ಒಂದು ಮುಷ್ಟಿ ಪುಕ್ಕ, ಕೆಳಗೆ ಬರೀ ಕಾಲು."

ಎಲ್ಲರೂ ನಕ್ಕರು. ನನ್ನ ಮಗನೂ ನಕ್ಕ. ನನಗೂ ನಗು ಬಂತು, ಯಾಕೆಂದರೆ ಅದು ನಿಜಕ್ಕೂ ಹಾಗೆಯೇ ಇತ್ತು. ಸೊಸೆ ಒಬ್ಬಳು ನಗಲಿಲ್ಲ.

ಅವರು ಹೋದ ಮೇಲೆ ಚಹಾದ ಕಪ್ಪು ತೊಳೆಯುತ್ತಾ ಸೊಸೆ ಮಾತು ತೆಗೆದಳು. ಅವಳು ನನ್ನನ್ನು ಮಾಮಿ ಎನ್ನುತ್ತಾಳೆ, ತುಳುವಿನಲ್ಲಿ ಅತ್ತೆಯನ್ನು ಕರೆಯುವುದು ಹಾಗೆ.

"ಮಾಮಿ, ಅದನ್ನು ತೆಗಿಯುವ. ಮದುವೆಗೆ ಮುಂಚೆ ಅಂಗಳಕ್ಕೆ ಇಂಟರ್‌ಲಾಕ್ ಹಾಕ್ಲಿಕ್ಕೆ ಉಂಟು. ಹೇಗೂ ಅಗೀತಾರೆ. ಅಲ್ಲಿ ಎರಡು ಕುಂಡ ಇಡುವ, ತಾಳೆ ಗಿಡದ್ದು."

"ತಾಳೆ ಎಲೆ ಅರೆದು ಮದುಮಗಳ ಕೈಗೆ ಹಾಕ್ಲಿಕ್ಕೆ ಆಗ್ತದಾ?"

"ಈಗ ಯಾರು ಅರೀತಾರೆ? ಕೋನ್ ಹಾಕುವವಳಿಗೆ ಹೇಳಿ ಆಗಿದೆ."

"ನಿನ್ನ ಮದುವೆಗೆ ಇಲ್ಲಿಂದಲೇ ಸೊಪ್ಪು ಕಳಿಸಿದ್ದು. ಗೊತ್ತುಂಟಾ?"

"ಗೊತ್ತುಂಟು. ಕೆಂಪಗೂ ಆಗಿತ್ತು. ಅದಕ್ಕೆ ನಾನು ಈಗ ಎಂತ ಮಾಡ್ಬೇಕು? ಗಿಡಕ್ಕೆ ಸನ್ಮಾನ ಮಾಡ್ಬೇಕಾ?"

ಉತ್ತರ ಸರಿಯಾಗಿಯೇ ಇತ್ತು. ಸೊಸೆಯಲ್ಲಿ ನನಗೆ ಹಿಡಿಸುವುದು ಇದೇ, ಮನಸ್ಸಿನಲ್ಲಿ ಒಂದು ಇಟ್ಟು ಬಾಯಲ್ಲಿ ಇನ್ನೊಂದು ಹೇಳುವುದಿಲ್ಲ. ನಾನು ಮಗನ ಮುಖ ನೋಡಿದೆ. "ಅಮ್ಮ, ನೀನು ಹೇಳುದೂ ಸರಿ, ಅವಳು ಹೇಳುದೂ ಸರಿ," ಎಂದ. ಇಡ್ಲಿ ಕೇಳಿದವರಿಗೆ ಇಡ್ಲಿ, ದೋಸೆ ಕೇಳಿದವರಿಗೆ ದೋಸೆ ಕೊಟ್ಟು ಅಭ್ಯಾಸವಾಗಿದೆ ಅವನಿಗೆ.

ಮರುದಿನ ಸಂಜೆ ಎದುರು ಮನೆಯವಳಿಗೆ ಇದನ್ನೆಲ್ಲ ಹೇಳಿದೆ. ಅವಳು ನನ್ನ ಪ್ರಾಯದವಳೇ. ಅವಳ ಗಂಡನ ಬಟ್ಟೆ ಅಂಗಡಿಯನ್ನು ಈಗ ಮಕ್ಕಳು ನೋಡಿಕೊಳ್ಳುತ್ತಾರೆ. ಅವಳಿಗೂ ನನಗೂ ಸಂಜೆ ಗೇಟಿನಲ್ಲಿ ನಿಂತು ಮಾತಾಡುವುದು ಒಂದು ಕೆಲಸ. ಪಕ್ಕದಲ್ಲಿ ಫ್ಲಾಟ್ ಎದ್ದು ಬಿಸಿಲು ತಪ್ಪಿತು, ಅದಕ್ಕೇ ಗಿಡ ಹೀಗೆ ಸಪೂರವಾಗಿ ಮೇಲೆ ಹೋಯಿತು ಎಂದು ನಾನು ಫ್ಲಾಟ್ ಕಟ್ಟಿದವರಿಗೆ ಬಯ್ಯತೊಡಗಿದೆ.

"ಫ್ಲಾಟಿಗೆ ಎಂತಕ್ಕೆ ಬಯ್ತೀರಿ ಅಕ್ಕ?" ಎಂದಳು. "ಕೆಳಗಿನ ಸೊಪ್ಪು ಮುಗಿಸಿದ್ದು ನಾವೇ. ಕೈಗೆ ಎಟಕಿದ್ದನ್ನು ಎಲ್ಲರೂ ಕೀಳುದು. ಮದರಂಗಿಗೆ ಏಣಿ ತಂದವರನ್ನು ನೀವು ನೋಡಿದ್ದೀರಾ?"

ನಾನು ತಿರುಗಿ ಗಿಡ ನೋಡಿದೆ. ಅವಳು ಹೇಳಿದ್ದು ಸರಿ. ಒಂದು ಹೆಂಗಸು ಕೈ ಎತ್ತಿದರೆ ಎಲ್ಲಿಗೆ ಮುಟ್ಟುತ್ತದೋ ಅಲ್ಲಿಯವರೆಗೆ ಬೋಳು, ಅಲ್ಲಿಂದ ಮೇಲೆ ಹಸಿರು. ಗೆರೆ ಎಳೆದ ಹಾಗೆ. ಓಣಿಯ ಎಷ್ಟು ಹುಡುಗಿಯರ ಮದುವೆಯೋ, ಎಷ್ಟು ಪೆರ್ನಾಲೋ, ಎಲ್ಲ ಆ ಮೂರು ಕಾಂಡದಿಂದ ಹೋದದ್ದು. ಕೆಲಸ ಮಾಡಿ ಸವೆದ ಕಾಲಿಗೆ ಕೊಕ್ಕರೆ ಕಾಲು ಎಂದು ಹೆಸರು. ಆಗ ನನಗೆ ಹಠ ಬಂತು.

"ಕಡಿದು ಗಿಡ್ಡ ಮಾಡಿದ್ರೆ ಕೆಳಗಿಂದ ಚಿಗುರ್ತದಲ್ಲ?" ಎಂದು ಅವಳೇ ಕೇಳಿದಳು.

"ಚಿಗುರ್ತದೆ. ಆದ್ರೆ ಮದುವೆಗೆ ಸೊಪ್ಪು ಎಲ್ಲಿಂದ ತರುದು? ಮತ್ತೆ ಮೋಟು ಮಾತ್ರ ಕಂಡ್ರೆ ನನ್ನ ಸೊಸೆ ಅದನ್ನೂ ಕಿತ್ತು ಬಿಸಾಡ್ತಾಳೆ. ಕಾಲು ಕಡಿಯುದು ಬೇಡ, ಮುಚ್ಚುವ."

ಎತ್ತರದ್ದರ ಬುಡದಲ್ಲಿ ಗಿಡ್ಡದ್ದನ್ನು ನೆಡುವುದು ಹೊಸ ವಿದ್ಯೆ ಅಲ್ಲ. ತೆಂಗಿನ ಬುಡದಲ್ಲಿ ಅರಿಶಿನ, ಬಾಳೆಯ ಬುಡದಲ್ಲಿ ಕೆಸು, ನುಗ್ಗೆಯ ಬುಡದಲ್ಲಿ ಹರಿವೆ. ಹೊಟ್ಟೆಗೆಂದು ಮಾಡುತ್ತಿದ್ದೆವು, ಚಂದಕ್ಕೆಂದು ಮಾಡಿರಲಿಲ್ಲ, ಅಷ್ಟೇ ವ್ಯತ್ಯಾಸ.

ಮೇ ತಿಂಗಳಲ್ಲಿ ಇಂಟರ್‌ಲಾಕ್‌ನವರು ಬಂದರು. ಮಗ ಹೋಟೆಲಿನಲ್ಲಿ, ಸೊಸೆ ಆಫೀಸಿನಲ್ಲಿ. ಗಿಡದ ಹತ್ತಿರ ಎಷ್ಟು ಜಾಗ ಬಿಡಬೇಕು ಎಂದು ಕೆಲಸದವರ ಮೇಸ್ತ್ರಿ ಕೇಳಿದ. ನನಗೆ ಅಡಿ ಇಂಚು ಬಾಯಲ್ಲಿ ಬರುವುದಿಲ್ಲ. ಒಳಗಿನಿಂದ ನಾನು ಮಲಗುವ ಚಾಪೆ ತಂದು, ಗಿಡದ ಬುಡದಲ್ಲಿ ಗೋಡೆಯ ಉದ್ದಕ್ಕೆ ಹಾಸಿ, ಅದರ ಮೇಲೆ ಕೂತೆ. ಇಷ್ಟು ಬಿಡು ಎಂದೆ. ಅವನು ಬದಿಗೆ ಹೋಗಿ ಸೊಸೆಗೆ ಫೋನ್ ಮಾಡಿದ್ದು ನನಗೆ ಕೇಳುತ್ತಿತ್ತು.

"ಮೇಡಂ, ಅಮ್ಮ ಚಾಪೆ ಹಾಕಿ ಕೂತಿದ್ದಾರೆ. ಎಂತ ಮಾಡುದು?"

 ಆಚೆಯಿಂದ ಸೊಸೆ ಏನೋ ಹೇಳಿದಳು. ಮೇಸ್ತ್ರಿ ಬಂದು ಹುಡುಗರಿಗೆ ಹೇಳಿದ, "ಚಾಪೆ ಬಿಟ್ಟು ಹಾಕಿ ಮಾರಾಯ."

ಇಡೀ ಅಂಗಳಕ್ಕೆ ಕೆಂಪು ಬೂದಿ ಕಲ್ಲು ಬಿತ್ತು. ಚಾಪೆಯಷ್ಟು ಜಾಗ ನನ್ನದಾಗಿ ಉಳಿಯಿತು. ಆಗ ಮದುವೆ ಸೋಣ ತಿಂಗಳಲ್ಲಿ ಎಂದು ನಿಂತಿತ್ತು, ಅಂದರೆ ಮಳೆಯ ಜೋರು ಕಳೆದ ಮೇಲೆ. ಸೊಸೆ ಸಂಜೆ ಬಂದು ಚಾಪೆಯ ಜಾಗ ನೋಡಿ ಕರಾರು ಹೇಳಿದಳು.

"ಮದುವೆಯೊಳಗೆ ನೋಡುವ ಹಾಗೆ ಆಗ್ಬೇಕು ಮಾಮಿ. ಇಲ್ಲದಿದ್ರೆ ಗಿಡ ತೆಗೆದು ಕುಂಡ. ನೀವು ಮತ್ತೆ ಕೋಪ ಮಾಡ್ಲಿಕ್ಕಿಲ್ಲ."

"ಕೋಪ ಮಾಡುದಿಲ್ಲ. ಕುಂಡಕ್ಕೆ ನೀರು ಮಾತ್ರ ನಾನು ಹಾಕುದಿಲ್ಲ."

ಆ ಬುಡದಲ್ಲಿ ಮಣ್ಣೆಂಬುದು ಇರಲಿಲ್ಲ. ಗೋಡೆ ಕಟ್ಟಿದ ಕಾಲದ ಕಲ್ಲಿನ ಚೂರು, ಅದರ ನಡುವೆ ಮದರಂಗಿಯ ಬೇರು, ಅದೂ ಬೆರಳು ಹಾಕಿದರೆ ಸಿಗುವಷ್ಟು ಮೇಲೆ. ಗುದ್ದಲಿ ಹಾಕಿದರೆ ಬೇರು ಹೋಗುತ್ತದೆ, ಬೇರು ಹೋದರೆ ಮುಚ್ಚಲು ಗಿಡವೇ ಇರುವುದಿಲ್ಲ. ನಾನು ಅಗೆಯಲೇ ಇಲ್ಲ. ತೆಂಗಿನ ಸಿಪ್ಪೆಗಳನ್ನು ಬೋಗುಣಿಯ ಹಾಗೆ ಮೇಲ್ಮುಖವಾಗಿ ಒತ್ತಾಗಿ ಇಟ್ಟೆ. ಬೇರಿನ ಮೇಲೆ ಬರದಂತೆ ಸಂದಿಯಲ್ಲಿ ಇಟ್ಟೆ. ಹಿತ್ತಿಲ ಬಾಳೆಯ ಬುಡದ ಕಪ್ಪು ಮಣ್ಣು ತಂದು ಸಿಪ್ಪೆಗೆ ತುಂಬಿದೆ. ಹೋಟೆಲಿನಲ್ಲಿ ದಿನಾ ಮಿಗುವ ಚಹಾದ ಚರಟವನ್ನು ಮಗ ಡಬ್ಬಿಯಲ್ಲಿ ತಂದುಕೊಟ್ಟ. ಆ ವಿಷಯದಲ್ಲಿ ಅವನು ಒಳ್ಳೆಯವನು, ಯಾರ ಪಕ್ಷವೂ ಅಲ್ಲದ ಕೆಲಸ ಹೇಳಿದರೆ ಕೂಡಲೇ ಮಾಡುತ್ತಾನೆ. ಸಿಪ್ಪೆ ನೀರು ಹಿಡಿದಿಡುತ್ತದೆ, ಗಿಡ್ಡ ಗಿಡ ಅಲ್ಲಿಯೇ ಬೇರು ಬಿಡುತ್ತದೆ, ದೊಡ್ಡದರ ಬಾಯಿಂದ ಕಸಿಯುವುದಿಲ್ಲ.

ಪ್ರತಿ ಸಿಪ್ಪೆಗೂ ಒಂದೊಂದು ಅರಿಶಿನದ ಗಡ್ಡೆ ಊರಿದೆ. ಎದುರಿನ ಅಂಚಿಗೆ ಹಳೆಯ ಪೈಂಟಿನ ಡಬ್ಬಿಗಳಲ್ಲಿ ಸಾಂಬ್ರಾಣಿ ಸೊಪ್ಪಿನ, ಅಂದರೆ ದೊಡ್ಡಪತ್ರೆಯ ಗಿಡ ಸಾಲಾಗಿ ಇಟ್ಟೆ. ಡಬ್ಬಿಗಳು ಒಂದು ದಿನವೂ ನಿಲ್ಲಲಿಲ್ಲ.

"ಮಾಮಿ, ಇದು ಮದುವೆ ಮನೆಯಾ, ಗುಜರಿ ಅಂಗಡಿಯಾ?"

ಅವಳೇ ಡಬ್ಬಿಗಳನ್ನು ಎತ್ತಿ ಹಿಂದೆ ಇಟ್ಟಳು. ಆ ಅಂಚಿಗೆ ನೆಲಕ್ಕೆ ಹಬ್ಬುವಂಥದ್ದು ಏನಾದರೂ ಹಾಕಿ, ಕಲ್ಲಿಗೆ ಸ್ವಲ್ಪ ಹರಿದು ಬಂದ ಹಾಗೆ ಇರಲಿ ಎಂದಳು. ನಾನು ಬಾವಿಕಟ್ಟೆಯಿಂದ ಒಂದೆಲಗ ಕಿತ್ತು ತಂದು ಹಾಕಿದೆ. ಈಗ ಎಲ್ಲರೂ ಮೊದಲು ಹೊಗಳುವುದು ಆ ಅಂಚನ್ನು. ಅದು ಸೊಸೆಯ ತಲೆ, ನನ್ನದಲ್ಲ. ಒಂದೆಲಗದ ಚಟ್ನಿ ಮಾತ್ರ ನನ್ನದು.

ಮಳೆ ಬಿತ್ತು. ಅರಿಶಿನ ಎದ್ದಿತು. ಆಟಿ ಬರುವಾಗ ಮೊಣಕಾಲು, ಆಟಿ ಮುಗಿಯುವಾಗ ಸೊಂಟ. ಅಗಲದ ಎಲೆಗಳು ಒಂದರ ಮೇಲೊಂದು ಬಿದ್ದು, ಮೇಲಿನ ಗೆಲ್ಲುಗಳು ಮಳೆಯ ಭಾರಕ್ಕೆ ಕೆಳಗೆ ಬಾಗಿ, ಮೂರು ಕಾಂಡವೂ ಕಾಣದೆ ಹೋದವು. ಮೇಲಿನ ಮದರಂಗಿಯ ಸಣ್ಣ ಎಲೆಗೂ ಕೆಳಗಿನ ಅರಿಶಿನದ ದೊಡ್ಡ ಎಲೆಗೂ ಹೇಗೆ ಹೊಂದಿತು ಎಂದರೆ, ಯಾರೋ ಯೋಚನೆ ಮಾಡಿ ಮಾಡಿದ ಹಾಗೆ. ಸೊಸೆ ಛತ್ರಿ ಹಿಡಿದುಕೊಂಡು ಫೋಟೋ ತೆಗೆದು ಮೊಬೈಲಿನ ಸ್ಟೇಟಸ್ಸಿಗೆ ಹಾಕಿದಳು. ನನಗೆ ಹೇಳಲಿಲ್ಲ. ಮೊಮ್ಮಗಳು ತೋರಿಸಿದಳು.

ನಾಗರ ಪಂಚಮಿಗೆ ನಮ್ಮಲ್ಲಿ ಅರಿಶಿನ ಎಲೆಯಲ್ಲಿ ಗಟ್ಟಿ, ಅಂದರೆ ಅಕ್ಕಿಯ ಕಡುಬು, ಬೇಯಿಸದೆ ಆಗುವುದಿಲ್ಲ. ಆ ವರ್ಷ ಗೇಟಿನಲ್ಲಿ ಅಷ್ಟು ಎಲೆ ಇರುವಾಗ ನಾನು ಒಂದನ್ನೂ ಮುಟ್ಟಲು ಬಿಡಲಿಲ್ಲ. ಮಗ ಮಾರ್ಕೆಟಿಗೆ ಹೋಗಿ ಎಲೆಯ ಕಟ್ಟು ತಂದ. ಬರುವಾಗ ಎದುರು ಮನೆಯವಳು ಅವನ ಕೈ ನೋಡಿ ಗೋಡೆ ಹಿಡಿದು ನಕ್ಕಳು.

"ಅಕ್ಕ, ಬಾವಿ ಇರುವ ಮನೆಯವರು ನೀರಿನ ಬಾಟ್ಲಿ ತಂದ ಹಾಗಾಯ್ತು."

"ನಗು ನೀನು. ಅದು ತಿನ್ನುವ ಅರಿಶಿನ, ಇದು ಮದರಂಗಿ ಉಟ್ಟ ಅರಿಶಿನ," ಎಂದೆ.

ಇಷ್ಟಾಗುವಾಗ ಹುಡುಗನಿಂದ ಫೋನ್ ಬಂತು. ಅವನು ದುಬೈಯಲ್ಲಿ ಇರುವುದು. ಸೋಣದಲ್ಲಿ ರಜೆ ಸಿಗುವುದಿಲ್ಲವಂತೆ, ಜನವರಿಯಲ್ಲಿ ಸಿಗುತ್ತದಂತೆ. ಎಲ್ಲರೂ ಹಾಲ್, ಅಡುಗೆಯವರು, ಸೀರೆ ಎಂದು ತಲೆ ಕೆಡಿಸಿಕೊಂಡರು. ನಾನು ಗೇಟಿನ ಕಡೆ ನೋಡಿದೆ. ಜನವರಿಗೆ ಅರಿಶಿನ ಸಾಯುತ್ತದೆ. ಗಡ್ಡೆ ನೆಲದ ಒಳಗೆ ಚೆನ್ನಾಗಿಯೇ ಇರುತ್ತದೆ, ಎಲೆ ಹಳದಿಯಾಗಿ ಒಣಗಿ ಚಿಂದಿಯ ಹಾಗೆ ಮಲಗುತ್ತದೆ. ಸರಿಯಾಗಿ ಮದುವೆಯ ಹೊತ್ತಿಗೆ ಕೊಕ್ಕರೆ ಮತ್ತೆ ಕಾಲು ಬಿಟ್ಟು ನಿಲ್ಲುತ್ತದೆ, ಅದೂ ಹರಕು ಬಟ್ಟೆಯ ಮೇಲೆ.

ಮಳೆ ಕಡಿಮೆಯಾದ ಕೂಡಲೇ ಎರಡನೇ ಸಲ ನೆಡುವುದಕ್ಕೆ ಶುರು ಮಾಡಿದೆ. ಈ ಸಲ ಅಬ್ಬಲಿಗೆ, ಅಂದರೆ ಕನಕಾಂಬರ. ಅದರ ಎತ್ತರ ಮೊಣಕಾಲಿನಷ್ಟು, ಅರೆ ನೆರಳು ಅದಕ್ಕೆ ತೊಂದರೆ ಇಲ್ಲ, ವರ್ಷ ಪೂರ್ತಿ ಹಸಿರು, ಬಣ್ಣ ಬೆಂಕಿಯ ಹಾಗೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಾನಾಗಿಯೇ ಹುಟ್ಟಿದವು ಬೇಕಾದಷ್ಟು ಇದ್ದವು. ಅಬ್ಬಲಿಗೆಯ ಒಣ ಕಾಯಿಗೆ ನೀರು ತಾಗಿದರೆ ಚಟ್ ಎಂದು ಒಡೆದು ಬೀಜ ಹಾರುತ್ತದೆ. ಸಣ್ಣವಳಿರುವಾಗ ಮೊಮ್ಮಗಳು ಆ ಕಾಯಿಯನ್ನು ಉಗುಳು ಹಚ್ಚಿ ನನ್ನ ಕುತ್ತಿಗೆಯ ಹಿಂದೆ ಇಡುತ್ತಿದ್ದಳು. ಆ ಗಿಡಗಳನ್ನು ಬುಡದ ಮಣ್ಣಿನ ಸಮೇತ ಎತ್ತಿ, ಅರಿಶಿನದ ಸಂದಿಯಲ್ಲಿ ಹೊಸ ಸಿಪ್ಪೆ ಇಟ್ಟು ನೆಟ್ಟೆ. ಅರಿಶಿನ ಬದುಕಿರುವವರೆಗೆ ಇವುಗಳಿಗೆ ನೆರಳಾಗಲಿ, ಅದು ಮಲಗುವಾಗ ಇವು ಎದ್ದು ನಿಲ್ಲಲಿ ಎಂಬ ಲೆಕ್ಕ.

ಲೆಕ್ಕದ ಹಾಗೆ ಆಗಲಿಲ್ಲ. ಕಿತ್ತು ನೆಟ್ಟ ಸಿಟ್ಟಿಗೆ ಅಬ್ಬಲಿಗೆ ಎಲೆ ಉದುರಿಸಿ ಕೂತಿತು. ದೀಪಾವಳಿ ಹೋಯಿತು, ಅದು ಕಡ್ಡಿಯಾಗಿಯೇ ಇತ್ತು. ಅಷ್ಟರಲ್ಲಿ ಅರಿಶಿನದ ಎಲೆಯ ತುದಿ ಹಳದಿಯಾಯಿತು. ಸೊಸೆಗೆ ಅದು ನನಗಿಂತ ಮೊದಲೇ ಕಂಡಿತ್ತು. ಡಿಸೆಂಬರಿನ ಒಂದು ಬೆಳಿಗ್ಗೆ ಸ್ಕೂಟರ್ ಹೊರಗೆ ತೆಗೆಯುವಾಗ ನಿಂತಳು.

"ಮಾಮಿ, ಕುಂಡದವನಿಗೆ ಫೋನ್ ಮಾಡಿದ್ದೇನೆ. ಬರುವ ವಾರ ಬರ್ತಾನೆ. ಗಿಡ ತೆಗಿಯುವವನೂ ಅವನೇ."

"ಬರ್ಲಿ."

"ನೀವು ಚಾಪೆ ಹಾಕ್ಲಿಕ್ಕಿಲ್ಲ."

"ಹಾಕುದಿಲ್ಲ. ಒಮ್ಮೆ ಬಗ್ಗಿ ನೋಡು. ಆಮೇಲೆ ಹೋಗು."

ಅವಳು ಹೆಲ್ಮೆಟ್ ಹಾಕಿಕೊಂಡೇ ಬಗ್ಗಿ ನೋಡಿದಳು. ಕಡ್ಡಿಯಾಗಿದ್ದ ಅಬ್ಬಲಿಗೆಯ ಪ್ರತಿ ಗಂಟಿನಿಂದ ಜೋಡಿ ಚಿಗುರು ಬಂದಿತ್ತು. ಕೆಲವಕ್ಕೆ ಹಸಿರು ತೆನೆಯೂ ಬಂದಿತ್ತು, ಹೂ ಬರುವುದು ಆ ತೆನೆಯಿಂದ. ಎದ್ದು ನಿಂತು ಹೆಲ್ಮೆಟಿನ ಬೆಲ್ಟ್ ಸರಿಮಾಡಿದಳು. "ಒಂದು ವಾರ ಕಳೆದು ಬರ್ಲಿಕ್ಕೆ ಹೇಳ್ತೇನೆ," ಎಂದಳು. ಅವನು ಒಂದು ವಾರ ಕಳೆದು ಬಂದಾಗ ಮೊದಲ ಸಾಲು ಅರಳಿತ್ತು. ಅವನು ಎರಡು ಕುಂಡವನ್ನು ವೆರಾಂಡದಲ್ಲಿ ಇಟ್ಟು, ಚಹಾ ಕುಡಿದು ಹೋದ. ಗಿಡ ತೆಗೆಯುವ ಮಾತನ್ನು ಸೊಸೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಬ್ಬಲಿಗೆ ಹೂ ಎಂದರೆ ಹಾಗೆ, ಒಮ್ಮೆ ಮನಸ್ಸು ಮಾಡಿದರೆ ನಿಲ್ಲಿಸುವುದಿಲ್ಲ. ಒಣಗಿದ ಅರಿಶಿನದ ಎಲೆಯನ್ನು ನಾನು ದಿನಾ ಕತ್ತರಿಸಿ ಸಿಪ್ಪೆಯ ಮೇಲೆ ಹಾಸುತ್ತಿದ್ದೆ. ಜನವರಿಗೆ ಮೂರು ಕಾಂಡದ ಸುತ್ತ ಹಸಿರು, ಅದರ ಮೇಲೆ ಕೇಸರಿ, ಅಂಚಿನಲ್ಲಿ ಒಂದೆಲಗ. ಮದರಂಗಿಯೂ ಆ ಚಹಾದ ಚರಟ ಕುಡಿದು ಮೇಲೆ ದಪ್ಪವಾಗಿ, ಭಾರಕ್ಕೆ ಗೆಲ್ಲುಗಳು ಅಬ್ಬಲಿಗೆಯವರೆಗೆ ಬಾಗಿದ್ದವು, ಬಿಳಿ ಹೂ ಬಿಟ್ಟು ಓಣಿಗೆಲ್ಲ ವಾಸನೆ.

ಮದರಂಗಿಯ ಸಂಜೆ ಹುಡುಗನ ತಾಯಿ ಮದುವೆಯ ಸೀರೆ ಕೊಡಲು ಬಂದರು. ನಾನು ಗೇಟಿನಲ್ಲಿಯೇ ಕುರ್ಚಿ ಹಾಕಿ ಕೂತಿದ್ದೆ, ಬೇರೆ ಕೆಲಸವಿರಲಿಲ್ಲ ಎಂದಲ್ಲ. ಅವರು ಕಾರಿನಿಂದ ಇಳಿದು ಈ ಸಲ ಸೆರಗನ್ನು ಮೊದಲೇ ಸುತ್ತಿಕೊಂಡರು. ಆಮೇಲೆ ನಿಂತರು.

"ಅಮ್ಮ, ನಿಮ್ಮ ಕೊಕ್ಕರೆ ಎಲ್ಲಿ?"

"ಗದ್ದೆಗೆ ಇಳಿದಿದೆ," ಎಂದೆ.

ಅವರು ನಕ್ಕರು, ಆದರೆ ಕಣ್ಣು ಗಿಡದಿಂದ ತೆಗೆಯಲಿಲ್ಲ. ಬಗ್ಗಿ, ಅಬ್ಬಲಿಗೆಯ ಬುಡ ಸರಿಸಿ, ಸಿಪ್ಪೆ ನೋಡಿದರು. ಗಿಡ ಗೊತ್ತಿದ್ದವರು ನೋಡುವುದು ಹಾಗೆ, ಹೂವನ್ನಲ್ಲ. "ಅಗೆಯಲೇ ಇಲ್ಲವಾ?" ಎಂದು ಕೇಳಿದರು. ಇಲ್ಲ ಎಂದೆ. "ನನ್ನ ಮನೆಯಲ್ಲಿ ಎತ್ತರದ ದಾಸವಾಳ ಉಂಟು, ಇದೇ ಕಾಲು. ಬುಡದಲ್ಲಿ ಏನು ನೆಟ್ಟರೂ ನಿಲ್ಲುದಿಲ್ಲ." ಹೇಗೆ ಇಟ್ಟದ್ದೆಂದು ನಾನು ಹೇಳಿದೆ. ಸೀರೆಯ ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡೇ ಕೇಳಿದರು. ಹಿಂದೆ ಸೊಸೆ ನಿಂತಿದ್ದಳು. "ಅದೆಲ್ಲ ನಮ್ಮ ಮಾಮಿಯದ್ದು," ಎಂದಳು. ಅಷ್ಟು ಹೊತ್ತು ನೆಟ್ಟಗೆ ಕೂತಿದ್ದವಳು ನಾನು, ಇನ್ನೂ ಸ್ವಲ್ಪ ನೆಟ್ಟಗಾದೆ.

ಕೋನ್ ಹಾಕುವ ಹುಡುಗಿ ಬಂದು ಮೊಮ್ಮಗಳ ಕೈಗೆ ಮೊಣಕೈಯವರೆಗೆ ನವಿಲು, ಬಳ್ಳಿ ಎಲ್ಲ ಬರೆದಳು. ಚಂದ ಇತ್ತು. ನನ್ನ ಸೊಪ್ಪಿನಲ್ಲಿ ಅಂಥದ್ದು ಬರೆಯಲು ಆಗುವುದಿಲ್ಲ, ಅದು ಸೆಗಣಿಯ ಹಾಗೆ ಮೆತ್ತುತ್ತದೆ. ಆದರೂ ಮೊಮ್ಮಗಳು ಬೆರಳ ತುದಿಗಳನ್ನು ಖಾಲಿ ಬಿಡಲು ಅವಳಿಗೆ ಹೇಳಿದ್ದಳು.

"ಅಜ್ಜಿ, ಇಲ್ಲಿಗೆ ನಮ್ಮದು."

"ಸೊಪ್ಪು ಮೇಲಿದೆ. ಕೆಳಗಿಂದ ಕೀಳ್ಲಿಕ್ಕೆ ನಾನು ಯಾರಿಗೂ ಬಿಡುದಿಲ್ಲ ಇನ್ನು."

ಮಗ ಹೋಟೆಲಿನಿಂದ ಏಣಿ ತರಿಸಿದ. ಮದರಂಗಿಗೆ ಏಣಿ ಇಟ್ಟದ್ದನ್ನು ನೋಡಲು ಎದುರು ಮನೆಯವಳು ಮೊಮ್ಮಕ್ಕಳನ್ನೂ ಕರೆದುಕೊಂಡು ಬಂದಳು. ಸೊಪ್ಪು ಬಂತು, ನಾನೇ ಕಲ್ಲಿನಲ್ಲಿ ಅರೆದೆ. ಮೊಮ್ಮಗಳ ಹತ್ತು ಬೆರಳಿಗೂ ಟೊಪ್ಪಿ ಇಟ್ಟ ಹಾಗೆ ಮೆತ್ತಿದೆ. ಎದುರು ಮನೆಯವಳೂ ಬೆರಳು ಚಾಚಿದಳು, ಆಮೇಲೆ ಹುಡುಗನ ತಾಯಿಯೂ ಚಾಚಿದರು. ಮದುವೆಯ ದಿನ ಹಾಲ್‌ನಲ್ಲಿ ಕೋನಿನ ನವಿಲು ಕಪ್ಪಗೆ, ಬೆರಳ ತುದಿ ಕೆಂಪಗೆ. ಯಾವುದು ಹೆಚ್ಚು ಎಂದು ನಾನು ಹೇಳುವುದಿಲ್ಲ. ಫೋಟೋದಲ್ಲಿ ಎರಡೂ ಕಾಣುತ್ತದೆ.

ಮದುವೆ ಚೆನ್ನಾಗಿಯೇ ಕಳೆಯಿತು. ಮೊಮ್ಮಗಳು ಕಾಟಿಪಳ್ಳಕ್ಕೆ ಹೋದಳು, ನಾವು ಮನೆಗೆ ಬಂದು ಮಲಗಿದೆವು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಕತ್ತಿ ಹಿಡಿದುಕೊಂಡು ಗೇಟಿಗೆ ಹೋದೆ. ಮದರಂಗಿಯ ಮೂರು ಕಾಂಡದಲ್ಲಿ ನಡುವಿನದ್ದನ್ನು ಅಬ್ಬಲಿಗೆಯ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಓರೆಯಾಗಿ ಕಡಿದೆ. ಅದು ಗೋಡೆಯ ಮೇಲೆ ಬಿದ್ದ ಸದ್ದಿಗೆ ಸೊಸೆ ಓಡಿ ಬಂದಳು. ಮುಡಿಯಲ್ಲಿ ಹಿಂದಿನ ದಿನದ ಮಲ್ಲಿಗೆ ಹಾಗೆಯೇ ಇತ್ತು.

"ಮಾಮಿ, ಕಡಿಯಬಾರ್ದು ಎಂದು ಚಾಪೆ ಹಾಕಿ ಕೂತವರು ನೀವು."

"ನೀನು ಕಡಿಯಬಾರ್ದು ಎಂದು ಕೂತದ್ದು."

ಅವಳು ಅಬ್ಬಲಿಗೆಯನ್ನು ಸರಿಸಿ ಮೋಟು ನೋಡಿದಳು, ಕೈ ಬಿಟ್ಟಳು. ಗಿಡ ಮತ್ತೆ ಮುಚ್ಚಿಕೊಂಡಿತು, ಕಡಿದದ್ದು ಕಾಣಲಿಲ್ಲ. ಮಳೆ ಬರುವಾಗ ಅದು ಬುಡದಿಂದ ಚಿಗುರುತ್ತದೆ, ಚಿಗುರಿದ ಮೇಲೆ ಮುಂದಿನದ್ದು, ಅದರ ಮೇಲೆ ಮೂರನೆಯದ್ದು, ಅಷ್ಟರವರೆಗೆ ಗಿಡ್ಡದ್ದು ಮರೆ ಮಾಡುತ್ತದೆ ಎಂದು ಹೇಳಿದೆ. ಅವಳು ಹೂಂ ಎಂದು ಒಳಗೆ ಹೋಗಿ, ನಿನ್ನೆಯ ಚರಟದ ಡಬ್ಬಿ ತಂದುಕೊಟ್ಟಳು. ನಾನು ಅದನ್ನು ಮೋಟಿನ ಬುಡಕ್ಕೆ ಹಾಕಿ, ಬಿದ್ದ ಗೆಲ್ಲಿನಿಂದ ಸೊಪ್ಪು ಬಿಡಿಸಿ ಎರಡು ತೊಟ್ಟೆಗೆ ತುಂಬಿದೆ. ಒಂದನ್ನು ಎದುರು ಮನೆಗೆ ಕೊಟ್ಟು ಬಂದೆ. ಇನ್ನೊಂದನ್ನು ಒಣಗಲು ಮಹಡಿಯಲ್ಲಿ ಹಾಸಿದೆ, ಅದೇ ಚಾಪೆಯ ಮೇಲೆ.